ರಾಕೆಟ್ ನಿಲ್ಲಿಸಿದರೆ ಹಸಿವು ನಿಲ್ಲುತ್ತದಾ?

ಹೋದ ಸಂಚಿಕೆಯಲ್ಲಿ ಚಂದ್ರನ ದಕ್ಷಿಣ ಧ್ರುವದ ಕುಳಿಗಳಲ್ಲಿರುವ ಹಿಮದ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹಿಮದ ಬಗ್ಗೆ ಕೇಳಿದವರು ಇಬ್ಬರೋ ಮೂವರೋ. ಉಳಿದವರೆಲ್ಲ ಕೇಳಿದ್ದು ಬೇರೆ. ಜನ ಹಸಿದಿರುವಾಗ ಇದೆಲ್ಲ ಬೇಕಾ? ಕೆಲವರು ಬೇಸರದಿಂದ ಬರೆದಿದ್ದಾರೆ, ಕೆಲವರು ಸಿಟ್ಟಿನಿಂದ. ಎರಡೂ ನನಗೆ ಅರ್ಥವಾಗುತ್ತದೆ. 1998ರಿಂದ ಇಪ್ಪತ್ತಮೂರು ವರ್ಷ ನಾನು ಮಾಡಿದ್ದು ಉಪಗ್ರಹದ ಚಿತ್ರ ಓದುವ ಕೆಲಸ. ಎಲ್ಲಿ ಬೆಳೆ ಒಣಗುತ್ತಿದೆ, ಎಲ್ಲಿ ಮುಂದಿನ ತಿಂಗಳು ಊಟಕ್ಕೆ ಕಷ್ಟ ಬರಬಹುದು ಅಂತ ವರದಿ ಬರೆಯುತ್ತಿದ್ದೆ. ಆದ್ದರಿಂದ ಈ ಪ್ರಶ್ನೆಯನ್ನು ಸುಮ್ನೆ ಎರಡು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಈ ಸಲದ ಜಾಗ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ಕೋಟ್ಯಂತರ ಜನ ಹಸಿದು ಮಲಗುವ ಭೂಮಿಯಲ್ಲಿ ಚಂದ್ರನಿಗೆ, ಮಂಗಳಕ್ಕೆ ದುಡ್ಡು ಸುರಿಯುವುದು ಪಾಪ ಅಂತ ನನಗೆ ಅನ್ನಿಸುತ್ತದೆ. ಮೊದಲು ಹೊಟ್ಟೆ, ಆಮೇಲೆ ಆಕಾಶ. ಇದು ಇಷ್ಟು ಸರಳ ಅಲ್ವಾ?

ಉತ್ತರ: ಮೊದಲು ನಿಮ್ಮ ಮಾತಿಗೆ ಬಲ ಕೊಡುವ ಲೆಕ್ಕವನ್ನೇ ಹೇಳುತ್ತೇನೆ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ ಸುಮಾರು 67 ಕೋಟಿ ಜನ ಹಸಿದಿದ್ದರು. ಹನ್ನೆರಡು ಜನರಲ್ಲಿ ಒಬ್ಬರು. ಹಸಿದವರಿಗೆ ಆಹಾರ ಮುಟ್ಟಿಸುವ ವಿಶ್ವ ಆಹಾರ ಕಾರ್ಯಕ್ರಮಕ್ಕೆ 2022ರಲ್ಲಿ ಸುಮಾರು 1,400 ಕೋಟಿ ಡಾಲರ್ ಬಂದಿತ್ತು. ಮರುವರ್ಷ ಅದು 830 ಕೋಟಿಗೆ ಇಳಿಯಿತು. ಅದೇ 2023ರಲ್ಲಿ ನಾಸಾ ಒಂದರ ಬಜೆಟ್ಟೇ 2,500 ಕೋಟಿ ಡಾಲರ್ ದಾಟಿತ್ತು. ಮೂರು ಪಟ್ಟು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ನಿಮಗೆ ಆಗುವ ಸಂಕಟ ನನಗೂ ಆಗುತ್ತದೆ.

ನಿಮ್ಮ ಪ್ರಶ್ನೆಯನ್ನು ತುಂಬ ಹಿಂದೆಯೇ ಒಬ್ಬರು ರಾಕೆಟ್ಟಿನ ಬಾಗಿಲಿಗೇ ಹೋಗಿ ಕೇಳಿದ್ದರು. 1969ರ ಜುಲೈ 15. ಮರುದಿನ ಬೆಳಿಗ್ಗೆ ಅಪೊಲೊ 11 ಹಾರಬೇಕು. ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆಗಾರರಾಗಿದ್ದ ರಾಲ್ಫ್ ಅಬರ್ನಾಥಿ ಬಡ ಕುಟುಂಬಗಳನ್ನು ಕರೆದುಕೊಂಡು, ಹೇಸರಗತ್ತೆ ಕಟ್ಟಿದ ಗಾಡಿಯ ಜೊತೆ ಕೆನಡಿ ಬಾಹ್ಯಾಕಾಶ ಕೇಂದ್ರಕ್ಕೆ ಬಂದರು. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಒಳಗೇ ಕೂರಲಿಲ್ಲ. ಹೊರಗೆ ಬಂದು ಅವರ ಮಾತು ಕೇಳಿದರು. ನಾಳೆ ಬಟನ್ ಒತ್ತದೆ ಇದ್ದರೆ ಬಡತನ ಹೋಗುತ್ತದೆ ಅನ್ನುವುದಾದರೆ ನಾವು ಒತ್ತುವುದಿಲ್ಲ ಎಂಬರ್ಥದ ಮಾತು ಆಡಿದರು. ಅಬರ್ನಾಥಿ ಗಗನಯಾತ್ರಿಗಳು ಕ್ಷೇಮವಾಗಿ ಬರಲಿ ಅಂತ ಪ್ರಾರ್ಥಿಸಿದರು. ಆ ಕುಟುಂಬಗಳಲ್ಲಿ ಕೆಲವರಿಗೆ ಉಡಾವಣೆಯನ್ನು ಹತ್ತಿರದಿಂದ ನೋಡಲು ಜಾಗವೂ ಸಿಕ್ಕಿತು. ಇಬ್ಬರದೂ ದೊಡ್ಡ ಮನಸ್ಸು. ಆದರೆ ಅಬರ್ನಾಥಿ ಕೇಳಿದ್ದು ಹಾಗೇ ಉಳಿಯಿತು.

ಮುಂದೇನಾಯಿತು ಅನ್ನುವುದು ಮುಖ್ಯ. ಒಂದು ರೀತಿಯಲ್ಲಿ ಬಟನ್ ಒತ್ತುವುದನ್ನು ನಿಲ್ಲಿಸಿಯೇ ಬಿಟ್ಟರು. ಅಪೊಲೊದ ಕೊನೆಯ ಮೂರು ಯಾತ್ರೆಗಳನ್ನು 1970ರಲ್ಲೇ ಕೈಬಿಟ್ಟರು. 1972ರ ಡಿಸೆಂಬರ್ ನಂತರ ಅರ್ಧ ಶತಮಾನ ಯಾರೂ ಚಂದ್ರನ ಹತ್ತಿರ ಹೋಗಲಿಲ್ಲ. 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಖರ್ಚಿನಲ್ಲಿ ನಾಸಾದ ಪಾಲು ನೂರಕ್ಕೆ 4.4 ಇತ್ತು. 1975ರ ಹೊತ್ತಿಗೆ ನೂರಕ್ಕೆ ಒಂದಕ್ಕೆ ಬಂತು. ನಿಮ್ಮ ಸಲಹೆ ಅಕ್ಷರಶಃ ಜಾರಿಯಾದ ಕಾಲ ಇದು. ಹಾಗಾದರೆ ಹಸಿವು ಕಡಿಮೆಯಾಗಬೇಕಿತ್ತು ಅಲ್ವಾ?

ಆಗಿದ್ದು ಉಲ್ಟಾ. ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಪ್ರದೇಶದಲ್ಲಿ ಬರ. 1973ರಲ್ಲಿ ಇಥಿಯೋಪಿಯಾದ ವೊಲ್ಲೊದಲ್ಲಿ ಕ್ಷಾಮ. 1974ರಲ್ಲಿ ಬಾಂಗ್ಲಾದೇಶದಲ್ಲಿ ಕ್ಷಾಮ. ಆ ವರ್ಷ ಬಾಂಗ್ಲಾದೇಶ, ಅಮೆರಿಕಕ್ಕೆ ಆಗದ ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿತ್ತು. ಅದನ್ನೇ ಕಾರಣ ಮಾಡಿ ಅಮೆರಿಕ ಧಾನ್ಯದ ನೆರವನ್ನು ತಡೆದು ನಿಲ್ಲಿಸಿತು. ಜನ ಸಾಯುತ್ತಿದ್ದಾಗ ಧಾನ್ಯ ತಡವಾದದ್ದು ಚೀಲದ ವ್ಯಾಪಾರಕ್ಕೆ. ಚಂದ್ರನಿಂದ ಉಳಿಸಿದ ಹಣ ಅವರ ಕಡೆ ತಿರುಗಲೇ ಇಲ್ಲ. ಅದೇ ವರ್ಷದ ನವೆಂಬರಿನಲ್ಲಿ ರೋಮ್ ನಗರದಲ್ಲಿ ವಿಶ್ವ ಆಹಾರ ಸಮ್ಮೇಳನ ನಡೆಯಿತು. ಹತ್ತು ವರ್ಷದೊಳಗೆ ಯಾವ ಮಗುವೂ ಹಸಿದು ಮಲಗಬಾರದು ಅಂತ ಅಲ್ಲಿ ಮಾತು ಕೊಟ್ಟರು. ಹತ್ತು ವರ್ಷ ಕಳೆದು 1984 ಬಂತು. ಇಥಿಯೋಪಿಯಾದಲ್ಲಿ ಮತ್ತೆ ಕ್ಷಾಮ.

ಇನ್ನೊಂದು ಲೆಕ್ಕ ನೀವೇ ಮಾಡಿ ನೋಡಿ. ಜಗತ್ತು ಈಗ ವರ್ಷಕ್ಕೆ ಸುಮಾರು 280 ಕೋಟಿ ಟನ್ ಧಾನ್ಯ ಬೆಳೆಯುತ್ತದೆ. ಅದನ್ನು 800 ಕೋಟಿ ಜನಕ್ಕೆ ಭಾಗ ಮಾಡಿ. ತಲೆಗೆ 350 ಕಿಲೊ. ದಿನಕ್ಕೆ ಸುಮಾರು 950 ಗ್ರಾಂ. ಬೇಳೆ, ತರಕಾರಿ, ಹಾಲು, ಮೀನು ಎಲ್ಲ ಬೇರೆ. ಇದರಲ್ಲಿ ದೊಡ್ಡ ಪಾಲು ಪಶುಗಳ ಮೇವಿಗೆ ಹೋಗುತ್ತದೆ. 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ ಹಾಳಾದ ಆಹಾರವೇ 105 ಕೋಟಿ ಟನ್. ಅಂದರೆ ಆಹಾರ ಇದೆ. ಅದನ್ನು ಕೊಳ್ಳುವ ಶಕ್ತಿ ಎಲ್ಲರ ಕೈಯಲ್ಲಿ ಇಲ್ಲ. ಅಮರ್ತ್ಯ ಸೇನ್ ದಶಕಗಳ ಹಿಂದೆ ತೋರಿಸಿದ್ದೂ ಇದನ್ನೇ. ಬಾಂಗ್ಲಾದೇಶದಲ್ಲಿ ಜನ ಸತ್ತ 1974ರಲ್ಲಿ ತಲಾ ಆಹಾರ ಅದರ ಆಚೀಚಿನ ವರ್ಷಗಳಿಗಿಂತ ಜಾಸ್ತಿಯೇ ಇತ್ತು. ಪ್ರವಾಹದಿಂದ ಕೂಲಿ ಹೋಗಿತ್ತು, ಅಕ್ಕಿಯ ಬೆಲೆ ಏರಿತ್ತು. ಕೂಲಿಯವನ ಮನೆಗೆ ಅಕ್ಕಿ ಬರಲಿಲ್ಲ.

ಮೊದಲು ಹೊಟ್ಟೆ ಅನ್ನುವ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪದೆ ಇರುವುದು ಒಂದನ್ನೇ. ರಾಕೆಟ್ಟಿನ ಹಣ ಆ ಹೊಟ್ಟೆಗೆ ಅಡ್ಡ ನಿಂತಿದೆ ಅನ್ನುವುದನ್ನು.

ಪ್ರಶ್ನೆ: ಉಪಗ್ರಹದಿಂದ ಹಸಿದವರಿಗೆ ಸಹಾಯ ಆಗುತ್ತದೆ ಅಂತ ನೀವು ಎಷ್ಟೋ ಸಲ ಬರೆದಿದ್ದೀರಿ. ಆಕಾಶದಿಂದ ಹಸಿವು ಕಾಣುತ್ತದಾ? ಕಂಡರೂ ಫೋಟೊ ತೆಗೆದರೆ ಹೊಟ್ಟೆ ತುಂಬುತ್ತದಾ?

ಉತ್ತರ: ಹಸಿವು ಕಾಣುವುದಿಲ್ಲ. ಎಲೆ ಕಾಣುತ್ತದೆ.

ಚೆನ್ನಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಅದರ ಆಚೆಗಿನ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜೋರಾಗಿ ವಾಪಸ್ ಚಿಮ್ಮಿಸುತ್ತದೆ. ಗಿಡಕ್ಕೆ ನೀರು ಸಿಗದೆ ಹೋದಾಗ ಈ ಎರಡರ ನಡುವಿನ ಅಂತರ ಕುಗ್ಗುತ್ತದೆ. ಉಪಗ್ರಹ ಅಳೆಯುವುದು ಆ ಅಂತರವನ್ನು. ಪುಸ್ತಕದಲ್ಲಿ ಇದಕ್ಕೆ ಎನ್‌ಡಿವಿಐ ಅಂತ ಹೆಸರು. ನಾವು ಹಸಿರು ಸೂಚ್ಯಂಕ ಅನ್ನುತ್ತಿದ್ದೆವು. ಹತ್ತು ದಿನಕ್ಕೊಂದು ನಕ್ಷೆ. ಈ ಹತ್ತು ದಿನವನ್ನು ಹಿಂದಿನ ವರ್ಷಗಳ ಇದೇ ಹತ್ತು ದಿನದ ಜೊತೆ ಹೋಲಿಸಬೇಕು. ಮಾಮೂಲಿಗಿಂತ ಚೆನ್ನಾಗಿದ್ದರೆ ಹಸಿರು ಬಣ್ಣ, ಕೆಟ್ಟಿದ್ದರೆ ಕಂದು. ಮಳೆಗೆ ಬೇರೆ ದಾರಿ. ಮೋಡದ ತಲೆ ಎಷ್ಟು ತಣ್ಣಗಿದೆ ಅಂತ ಉಪಗ್ರಹ ನೋಡುತ್ತದೆ. ತುಂಬ ಎತ್ತರ ಬೆಳೆದ ಮೋಡ ತುಂಬ ತಣ್ಣಗಿರುತ್ತದೆ. ಮಳೆಮಾಪನ ಇಲ್ಲದ ನೂರಾರು ಮೈಲಿ ಜಾಗದಲ್ಲಿ ಎಷ್ಟು ಮಳೆ ಬಿದ್ದಿರಬಹುದು ಅಂತ ಅದರಿಂದ ಅಂದಾಜು ಮಾಡುತ್ತಾರೆ. 2002ರಲ್ಲಿ ಹಾರಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳಂತೂ ನನಗೆ ಇವತ್ತಿಗೂ ಬೆರಗು. ಒಂದರ ಹಿಂದೆ ಒಂದು, ಸುಮಾರು 220 ಕಿಲೊಮೀಟರ್ ದೂರ ಇಟ್ಟುಕೊಂಡು ಓಡುತ್ತಿದ್ದವು. ನೆಲದಡಿ ನೀರು ಕಡಿಮೆಯಾದಾಗ ಅಲ್ಲಿನ ಗುರುತ್ವದ ಸೆಳೆತ ಒಂದು ಕೂದಲಿನಷ್ಟು ಬದಲಾಗುತ್ತದೆ. ಆಗ ಇವುಗಳ ನಡುವಿನ ದೂರವೂ ಬದಲಾಗುತ್ತದೆ. ಬಾವಿ ಬತ್ತುವುದನ್ನು ಆಕಾಶದಲ್ಲಿ ಅಳೆದರು!

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಲ್ಯಾಂಡ್‌ಸ್ಯಾಟ್ ಎಂಬ ಅಮೆರಿಕದ ಉಪಗ್ರಹಗಳ ಚಿತ್ರಗಳನ್ನು ಲೆಕ್ಕ ಹಾಕಿ ಕೊಳ್ಳಬೇಕಿತ್ತು. ಲ್ಯಾಂಡ್‌ಸ್ಯಾಟ್ 7ರ ಒಂದು ಚಿತ್ರಕ್ಕೆ 600 ಡಾಲರ್. ಬೇಕಾದ ಹತ್ತರಲ್ಲಿ ಎರಡು ತರಿಸಿಕೊಂಡು ಉಳಿದದ್ದನ್ನು ಊಹಿಸಿಕೊಳ್ಳುತ್ತಿದ್ದೆವು. 2008ರಲ್ಲಿ ಎಲ್ಲವನ್ನೂ ಉಚಿತವಾಗಿ ಬಿಟ್ಟುಕೊಟ್ಟರು. ಆ ವಾರ ನಾವು ಮನೆಗೆ ಹೋಗಲು ಮನಸ್ಸಿಲ್ಲದೆ ಕೂತಿದ್ದು ನೆನಪಿದೆ. ಬಾಹ್ಯಾಕಾಶದ ಖರ್ಚಿನಲ್ಲಿ ಯಾವುದು ಬಡವರಿಗೆ ಜಾಸ್ತಿ ಉಪಕಾರ ಮಾಡಿದೆ ಅಂತ ಕೇಳಿದರೆ ನಾನು ಯಾವ ರಾಕೆಟ್ಟನ್ನೂ ಹೇಳುವುದಿಲ್ಲ. ಈ ಒಂದು ತೀರ್ಮಾನವನ್ನು ಹೇಳುತ್ತೇನೆ.

ಆದರೆ ಎಲೆ ಒಣಗಿದ ಮಾತ್ರಕ್ಕೆ ಜನ ಹಸಿಯುತ್ತಾರೆ ಅಂತಲ್ಲ. ಅದಕ್ಕೆ ನೆಲದ ಸುದ್ದಿ ಬೇಕು. ಪೂರ್ವ ಆಫ್ರಿಕಾದ ಕುರಿಗಾಹಿಗಳ ಸೀಮೆಯಲ್ಲಿ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ: ಈ ವಾರ ಒಂದು ಆಡು ಮಾರಿದರೆ ಎಷ್ಟು ಕಿಲೊ ಜೋಳ ಬರುತ್ತದೆ? ಬರ ಬಂದಾಗ ಎಲ್ಲರೂ ಒಟ್ಟಿಗೆ ಬಡಕಲು ಆಡುಗಳನ್ನು ಸಂತೆಗೆ ತರುತ್ತಾರೆ. ಆಡಿನ ಬೆಲೆ ಬೀಳುತ್ತದೆ. ಜೋಳದ ಬೆಲೆ ಏರುತ್ತದೆ. ಆ ಎರಡು ಗೆರೆ ಒಂದನ್ನೊಂದು ದಾಟಿತು ಅಂದರೆ ನನಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತಿತ್ತು. ಅದಕ್ಕೂ ಮುಂದಿನ ಅಳತೆ ಒಂದು ಪಟ್ಟಿ. ಮಗುವಿನ ರಟ್ಟೆಗೆ ಸುತ್ತುವ, ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು. ಅಂದರೆ ಮಗುವಿನ ಜೀವಕ್ಕೆ ಅಪಾಯ. ನಾನು ಒಂದೇ ಒಂದು ಸಲ ಒಂದು ಶಿಬಿರಕ್ಕೆ ಹೋಗಿ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದೇನೆ. ಅಲ್ಲಿದ್ದ ಒಂದು ಮಗುವಿನ ರಟ್ಟೆ ನನ್ನ ಹೆಬ್ಬೆರಳು, ತೋರುಬೆರಳಿನ ಸುತ್ತಿನೊಳಗೇ ಪೂರ್ತಿ ಬಂತು. ಅವತ್ತಿನಿಂದ ನಕ್ಷೆಯ ಕಂದು ಬಣ್ಣ ನನಗೆ ಬರೀ ಬಣ್ಣವಾಗಿ ಕಂಡಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಫೋಟೊ ತೆಗೆದರೆ ಹೊಟ್ಟೆ ತುಂಬುತ್ತದಾ? ಇಲ್ಲ. ನನ್ನ ವೃತ್ತಿಯ ದೊಡ್ಡ ನೋವೇ ಇದು.

2010ರ ಆಗಸ್ಟಿನಲ್ಲಿ ಸಾಗರದ ಬಿಸಿ ನೋಡುವವರು ಲಾ ನಿನಾ, ಅಂದರೆ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ತಣ್ಣಗಾಗುವ ಸ್ಥಿತಿ, ಬರುತ್ತಿದೆ ಅಂದರು. ಪೂರ್ವ ಆಫ್ರಿಕಾದಲ್ಲಿ ಮಳೆ ಕೈಕೊಡಬಹುದು ಅಂತ ಎಚ್ಚರಿಕೆ ಹೋಯಿತು. ವರ್ಷದ ಕೊನೆಯ ಮಳೆ ಬರಲಿಲ್ಲ. ನಕ್ಷೆ ಹಳದಿಯಾಯಿತು. 2011ರ ಏಪ್ರಿಲ್ ಮಳೆಯೂ ಕೆಟ್ಟಿತು. ನಕ್ಷೆ ಕಂದಾಯಿತು. ಹತ್ತು ದಿನಕ್ಕೊಂದರಂತೆ ಆ ನಕ್ಷೆಗಳನ್ನು ನೋಡುತ್ತಾ ಕೂತಿದ್ದವರಲ್ಲಿ ನಾನೂ ಒಬ್ಬಳು. ಎಚ್ಚರಿಕೆಯ ಮೇಲೆ ಎಚ್ಚರಿಕೆ ಹೋಯಿತು. ಸೊಮಾಲಿಯಾದಲ್ಲಿ ಕ್ಷಾಮ ಇದೆ ಅಂತ ವಿಶ್ವಸಂಸ್ಥೆ ಘೋಷಿಸಿದ್ದು ಜುಲೈ 20ಕ್ಕೆ. ಹನ್ನೊಂದು ತಿಂಗಳು ಕಳೆದಿತ್ತು. ಹಣ ಸರಿಯಾಗಿ ಹರಿಯಲು ಶುರುವಾಗಿದ್ದು ಘೋಷಣೆಯ ನಂತರ. ಅಷ್ಟೊತ್ತಿಗೆ ದಕ್ಷಿಣದಲ್ಲಿ ಬಂದೂಕು ಹಿಡಿದವರು ನೆರವಿನ ಸಂಸ್ಥೆಗಳನ್ನು ಹೊರಗಟ್ಟಿದ್ದರು. ಹಣ ಅವರ ಕೈಸೇರೀತು ಅಂತ ಕೊಡುವವರೂ ಹಿಂಜರಿದರು. ಸುಮಾರು 2.6 ಲಕ್ಷ ಜನ ಸತ್ತರು. ಅದರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು.

ಈ ಹನ್ನೊಂದು ತಿಂಗಳಲ್ಲಿ ಉಪಗ್ರಹ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದು ನೋಡಿದವರಿಗೂ ಕೊಡುವವರಿಗೂ ನಡುವೆ. ಈಗಿನ ಕಾಲದಲ್ಲೂ ಅಷ್ಟೇ. 2025ರಲ್ಲಿ ಸುಡಾನಿನ ಎಲ್ ಫಾಶರ್ ನಗರವನ್ನು ಮುತ್ತಿದವರು ಅದರ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿದರು. ಉಪಗ್ರಹದ ಚಿತ್ರದಲ್ಲಿ ಆ ದಿಬ್ಬ ವಾರದಿಂದ ವಾರಕ್ಕೆ ಬೆಳೆಯುವುದು ಕಾಣುತ್ತಿತ್ತು. ಜಗತ್ತೆಲ್ಲ ನೋಡಿತು. ಒಳಗೆ ಜನ ಹಸಿದರು.

ಅದೇ ವರ್ಷ ಇನ್ನೊಂದಾಯಿತು. 1984ರ ಕ್ಷಾಮದ ಪಾಠದಿಂದ ಅಮೆರಿಕ 1985ರಲ್ಲಿ ಒಂದು ಮುನ್ನೆಚ್ಚರಿಕೆ ಜಾಲ ಕಟ್ಟಿತ್ತು. ಫ್ಯೂಸ್ ನೆಟ್ ಅಂತ ಹೆಸರು. 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿದಾಗ ಅದೂ ನಿಂತಿತು. ಕೆಲವು ತಿಂಗಳ ನಂತರ ಒಂದಷ್ಟು ಮಟ್ಟಿಗೆ ಮತ್ತೆ ಶುರುವಾಯಿತು. ಆ ತಿಂಗಳುಗಳಲ್ಲಿ ಉಪಗ್ರಹಗಳು ಮೇಲೆ ಸುತ್ತುತ್ತಲೇ ಇದ್ದವು. ಚಿತ್ರ ಕಳಿಸುತ್ತಲೇ ಇದ್ದವು. ಕೆಳಗೆ ಓದುವವರ ಕುರ್ಚಿ ಖಾಲಿ. ನಿವೃತ್ತಳಾಗಿ ಮನೆಯಲ್ಲಿದ್ದ ನನಗೆ ಆ ಸುದ್ದಿ ಓದಿ ರಾತ್ರಿ ನಿದ್ದೆ ಬರಲಿಲ್ಲ. ಬಾಹ್ಯಾಕಾಶಕ್ಕೋ ಹಸಿವಿಗೋ ಅಂತ ವಾದ ಮಾಡುವವರು ಈ ಕುರ್ಚಿಯ ಬಗ್ಗೆ ಯೋಚಿಸಲಿ ಅಂತ ನನ್ನ ಆಸೆ. ಅದು ಎರಡೂ ಕಡೆಗೆ ಸೇರಿದ್ದು, ಮೊದಲು ಕತ್ತರಿ ಬಿದ್ದಿದ್ದೂ ಅದಕ್ಕೇ.

ಪ್ರಶ್ನೆ: ಶ್ರೀಮಂತರು ಹತ್ತು ನಿಮಿಷ ಆಕಾಶ ನೋಡಿ ಬರಲು ಕೋಟಿಗಟ್ಟಲೆ ಖರ್ಚು ಮಾಡುತ್ತಾರೆ. ಇದನ್ನೂ ನೀವು ಸಮರ್ಥಿಸುತ್ತೀರಾ?

ಉತ್ತರ: ಇಲ್ಲ. 2001ರಲ್ಲಿ ಡೆನಿಸ್ ಟಿಟೊ ಸ್ವಂತ ದುಡ್ಡಿನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗಲೂ ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಆದರೆ ಇದಕ್ಕಿಂತ ದೊಡ್ಡ ವಿಷಯ ಒಂದಿದೆ. 2024ರಲ್ಲಿ ಎಲ್ಲ ಸರ್ಕಾರಗಳು ಸೇರಿ ಬಾಹ್ಯಾಕಾಶಕ್ಕೆ ಹಾಕಿದ ಹಣ ಸುಮಾರು 13,500 ಕೋಟಿ ಡಾಲರ್ ಅಂತ ಅಂದಾಜು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸೇನೆಯ ಕೆಲಸಕ್ಕೆ. ಅಂದರೆ ನಾವು ಬಾಹ್ಯಾಕಾಶದ ಖರ್ಚು ಅಂದಾಗ ಕಣ್ಣೆದುರು ಬರುವ ಚಂದ್ರ, ಮಂಗಳ, ದೂರದರ್ಶಕ ಎಲ್ಲ ಸೇರಿ ಅರ್ಧವೂ ಇಲ್ಲ. ಅದೇ ವರ್ಷ ಜಗತ್ತಿನ ಒಟ್ಟು ಸೇನಾ ಖರ್ಚು 2.7 ಲಕ್ಷ ಕೋಟಿ ಡಾಲರ್. ಇಡೀ ಬಾಹ್ಯಾಕಾಶದ ಇಪ್ಪತ್ತು ಪಟ್ಟು. ಹಸಿವಿನ ಹೆಸರಿನಲ್ಲಿ ಕತ್ತರಿ ಹಿಡಿಯುವುದಾದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದರಲ್ಲಿ ನನಗೆ ಗೊಂದಲ ಇಲ್ಲ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಹವಾಮಾನದ ಉಪಗ್ರಹ, ಬೆಳೆಯ ಉಪಗ್ರಹ ಬೇಕು, ಒಪ್ಪಿದೆ. ಆದರೆ ದೂರದ ನಕ್ಷತ್ರ ನೋಡುವ ದೂರದರ್ಶಕ, ಮಂಗಳದ ಮೇಲೆ ಓಡಾಡುವ ಗಾಡಿ, ಇವುಗಳಿಂದ ಹಸಿದವರಿಗೆ ಏನು? ಮಕ್ಕಳು ಕೇಳಿದರೆ ನಾನು ಏನು ಹೇಳಲಿ?

ಉತ್ತರ: ಮೇಷ್ಟ್ರೇ, ಮಕ್ಕಳಿಗೆ ಸುಲಭದ ಉತ್ತರ ಒಂದನ್ನು ಮಾತ್ರ ಹೇಳಬೇಡಿ. ರಾಕೆಟ್ಟಿನಿಂದ ಎಷ್ಟೊಂದು ಉಪಯೋಗದ ವಸ್ತು ಹುಟ್ಟಿತು ಅಂತ ಪಟ್ಟಿ ಓದುತ್ತಾರಲ್ಲ, ಅದು. ಪಟ್ಟಿ ಸುಳ್ಳಲ್ಲ. ಗಗನಯಾತ್ರಿಗಳ ಊಟದಲ್ಲಿ ರೋಗಾಣು ಇರಬಾರದು ಅಂತ 1959ರಿಂದ ಪಿಲ್ಸ್‌ಬರಿ ಕಂಪನಿ ನಾಸಾ ಜೊತೆ ಸೇರಿ ಒಂದು ಪದ್ಧತಿ ರೂಪಿಸಿತು. ತಯಾರಾದ ಊಟವನ್ನು ಪರೀಕ್ಷಿಸುವ ಬದಲು, ತಯಾರಿಯ ಯಾವ ಹಂತದಲ್ಲಿ ತಪ್ಪಾಗಬಹುದೋ ಆ ಹಂತದಲ್ಲೇ ಕಾವಲು ಹಾಕುವುದು. ಇವತ್ತು ಜಗತ್ತಿನ ಆಹಾರ ಕಾರ್ಖಾನೆಗಳು ಪಾಲಿಸುವ ಎಚ್‌ಎಸಿಸಿಪಿ ಅದೇ. ಒಳ್ಳೆಯದೇ. ಆದರೆ ಅದಕ್ಕಾಗಿ ಚಂದ್ರನಿಗೆ ಹೋಗಬೇಕಿರಲಿಲ್ಲ.

ಹಸಿದ ಮಕ್ಕಳನ್ನು ನಿಜವಾಗಿ ಬದುಕಿಸಿದ ವಸ್ತು ಯಾವುದು ಗೊತ್ತಾ? ಕಡಲೆಕಾಯಿಯ ಪೇಸ್ಟು. 1996ರಲ್ಲಿ ಫ್ರಾನ್ಸಿನ ವೈದ್ಯ ಆಂಡ್ರೆ ಬ್ರಿಯಾಂಡ್ ಮತ್ತು ಮಿಶೆಲ್ ಲೆಸ್ಕಾನ್ ಸೇರಿ ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಕಲಸಿ ಸಣ್ಣ ಪೊಟ್ಟಣ ಮಾಡಿದರು. ನೀರು ಬೆರೆಸಬೇಕಿಲ್ಲ. ಫ್ರಿಜ್ ಬೇಡ. ತಾಯಿ ಮನೆಯಲ್ಲೇ ಕೊಡಬಹುದು. ಅದಕ್ಕೂ ಮೊದಲು ತೀರಾ ಸೊರಗಿದ ಮಗುವನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿ ಇಡಬೇಕಿತ್ತು. ಈ ಪೊಟ್ಟಣಕ್ಕೆ ರಾಕೆಟ್ ಬೇಕಾಗಲಿಲ್ಲ. ಹಸಿವಿನ ಕೆಲಸಕ್ಕೆ ನೇರ ಬುದ್ಧಿ, ನೇರ ದುಡ್ಡು ಬೇಕು. ಬಾಹ್ಯಾಕಾಶದಿಂದ ಸುತ್ತಿ ಬಳಸಿ ಬರುವ ಉಪಕಾರಕ್ಕೆ ಕಾಯಬಾರದು.

ಹಾಗಾದರೆ ದೂರದರ್ಶಕ ಯಾಕೆ? ನಾನು ಮಕ್ಕಳಿಗೆ ವಿಲಿಯಂ ಹರ್ಶೆಲ್ ಕಥೆ ಹೇಳುತ್ತೇನೆ. ಯುರೇನಸ್ ಗ್ರಹ ಕಂಡುಹಿಡಿದವರು. 1800ರಲ್ಲಿ ಅವರು ಬಣ್ಣದ ಗಾಜುಗಳ ಮೂಲಕ ಸೂರ್ಯನನ್ನು ನೋಡುತ್ತಿದ್ದರು. ಕೆಲವು ಗಾಜಿನಲ್ಲಿ ಬೆಳಕು ಕಡಿಮೆ ಇದ್ದರೂ ಬಿಸಿ ಜಾಸ್ತಿ ಅನ್ನಿಸಿತು. ಯಾಕೆ ಹೀಗೆ ಅಂತ ಕುತೂಹಲ. ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟರು. ಕೆಂಪಿನ ಆಚೆ, ಬೆಳಕೇ ಇಲ್ಲದ ಜಾಗದಲ್ಲೂ ಒಂದು ಇಟ್ಟರು. ಪಾದರಸ ಅಲ್ಲೇ ಜಾಸ್ತಿ ಏರಿತು. ಕಣ್ಣಿಗೆ ಕಾಣದ ಬೆಳಕು ಒಂದಿದೆ ಅಂತ ಮನುಷ್ಯನಿಗೆ ಮೊದಲು ಗೊತ್ತಾದದ್ದು ಹಾಗೆ.

ಆ ವರ್ಷ ಇಂಗ್ಲೆಂಡಿನಲ್ಲಿ ಬೆಳೆ ಕೆಟ್ಟಿತ್ತು. ಬ್ರೆಡ್ಡಿನ ಬೆಲೆ ಏರಿ ಜನ ಬೀದಿಯಲ್ಲಿ ಗಲಾಟೆ ಮಾಡುತ್ತಿದ್ದರು. ಮರುವರ್ಷ ಹರ್ಶೆಲ್ ಸೂರ್ಯನ ಕಲೆಗಳಿಗೂ ಗೋಧಿಯ ಬೆಲೆಗೂ ಸಂಬಂಧ ಇದೆಯಾ ಅಂತಲೂ ಹುಡುಕಿದರು. ಅದಕ್ಕೆ ಮೂದಲಿಕೆ ಕೇಳಬೇಕಾಯಿತು. ಆಗ ಯಾರಾದರೂ ಅವರ ಬಾಗಿಲಿಗೆ ಬಂದು, ಜನಕ್ಕೆ ಬ್ರೆಡ್ಡಿಲ್ಲ, ನೀವು ಬಿಸಿಲಿಗೆ ಥರ್ಮಾಮೀಟರ್ ಇಟ್ಟು ಕೂತಿದ್ದೀರಾ ಅಂತ ಕೇಳಿದ್ದರೆ ಅವರ ಹತ್ತಿರ ಉತ್ತರ ಇರುತ್ತಿರಲಿಲ್ಲ. ಅದೇ ಕಾಣದ ಬೆಳಕನ್ನು ಹಿಡಿಯುವ ಕ್ಯಾಮೆರಾ ಹೊತ್ತ ಮೊದಲ ಲ್ಯಾಂಡ್‌ಸ್ಯಾಟ್ 1972ರಲ್ಲಿ ಹಾರಿತು. ಮೇಲೆ ಹೇಳಿದ ಹಸಿರು ಸೂಚ್ಯಂಕದ ಅರ್ಧ ಭಾಗ ಹರ್ಶೆಲ್ ಅವರ ಆ ಕೊನೆಯ ಥರ್ಮಾಮೀಟರು. ನನ್ನ ಇಪ್ಪತ್ತಮೂರು ವರ್ಷದ ಕೆಲಸ ನಿಂತದ್ದು ಅದರ ಮೇಲೆ.

ಆದರೆ ನಡುವೆ 172 ವರ್ಷ ಇದೆ ಅನ್ನುವುದನ್ನೂ ಮಕ್ಕಳಿಗೆ ಹೇಳಿ. ಹಸಿದವರಿಗೆ 172 ವರ್ಷ ಕಾಯಿರಿ ಅನ್ನಲು ಆಗುವುದಿಲ್ಲ. ಅವರಿಗೆ ಇವತ್ತೇ ಕೊಡಬೇಕು. ಹರ್ಶೆಲ್ ಕೈಯಿಂದ ಥರ್ಮಾಮೀಟರ್ ಕಿತ್ತುಕೊಂಡಿದ್ದರೂ 1800ರ ಬ್ರೆಡ್ಡಿನ ಬೆಲೆ ಒಂದು ಕಾಸು ಇಳಿಯುತ್ತಿರಲಿಲ್ಲ. ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕಕ್ಕೆ ಆದ ಖರ್ಚು ಸುಮಾರು 1,000 ಕೋಟಿ ಡಾಲರ್, ಅದೂ ಎರಡು ದಶಕಗಳಲ್ಲಿ ಹಂಚಿ. ಇಂಥ ಖರ್ಚನ್ನು ನಾನು ಉಳಿಸಿಕೊಳ್ಳುತ್ತೇನೆ. ಯಾರು ಮೊದಲು ಬಾವುಟ ನೆಡುತ್ತಾರೆ ಅನ್ನುವ ಪೈಪೋಟಿಯ ಖರ್ಚನ್ನು ಉಳಿಸಿಕೊಳ್ಳುವುದಿಲ್ಲ. ಈ ಗೆರೆ ಎಲ್ಲಿ ಎಳೆಯಬೇಕು ಅಂತ ತರಗತಿಯಲ್ಲಿ ಮಕ್ಕಳೇ ಜಗಳ ಆಡಲಿ.

ಪ್ರಶ್ನೆ: ನಾನು ಆರನೇ ಕ್ಲಾಸು. ಚಂದ್ರನ ಮೇಲೆ ಬೆಳೆ ಬೆಳೆದು ಹಸಿದವರಿಗೆ ಕಳಿಸಬಹುದಾ ಆಂಟಿ?

ಉತ್ತರ: ಒಳ್ಳೆ ಮನಸ್ಸು ಪುಟ್ಟಾ ನಿನ್ನದು. 2019ರ ಜನವರಿಯಲ್ಲಿ ಚೀನಾದ ಚಾಂಗ್‌-ಎ 4 ನೌಕೆ ಚಂದ್ರನ ಆಚೆ ಬದಿಗೆ ಒಂದು ಡಬ್ಬಿಯಲ್ಲಿ ಹತ್ತಿಬೀಜ ಒಯ್ದಿತ್ತು. ಬೀಜ ಮೊಳಕೆ ಒಡೆಯಿತು! ಆದರೆ ಚಂದ್ರನ ರಾತ್ರಿ ನಮ್ಮ ಎರಡು ವಾರದಷ್ಟು ಉದ್ದ, ವಿಪರೀತ ಚಳಿ. ಪಾಪ, ಸತ್ತುಹೋಯಿತು. ಬಾಹ್ಯಾಕಾಶ ನಿಲ್ದಾಣದಲ್ಲಿ 2015ರಲ್ಲಿ ಗಗನಯಾತ್ರಿಗಳು ತಾವೇ ಬೆಳೆದ ಸೊಪ್ಪು ತಿಂದಿದ್ದಾರೆ. ಒಂದಿಷ್ಟೇ ಇಷ್ಟು. ಅಲ್ಲಿಂದ ಇಲ್ಲಿಗೆ ತರುವುದು ಆಗದ ಮಾತು. ಎಲ್ಲರಿಗೂ ಸಾಕಾಗುವಷ್ಟು ಬೆಳೆ ನಮ್ಮ ಭೂಮಿಯಲ್ಲೇ ಬೆಳೆಯುತ್ತದೆ. ಅದು ಎಲ್ಲರ ತಟ್ಟೆಗೆ ಯಾಕೆ ಹೋಗುವುದಿಲ್ಲ ಅಂತ ನಿನ್ನ ಟೀಚರನ್ನು ಕೇಳು. ಅವರು ಹೇಳಿದ್ದನ್ನು ನನಗೂ ಬರೆದು ಕಳಿಸು.

ಪ್ರಶ್ನೆ: ನಿಮ್ಮ ಕೈಗೆ ಒಂದೇ ಒಂದು ತೀರ್ಮಾನ ಕೊಟ್ಟರೆ ಏನು ಮಾಡುತ್ತೀರಿ?

ಉತ್ತರ: ಎಚ್ಚರಿಕೆ ಬಂದ ದಿನವೇ ಹಣ ತಾನಾಗಿ ಹೊರಡುವ ಹಾಗೆ ಮಾಡುತ್ತೇನೆ. ಸಭೆ ಬೇಡ, ಘೋಷಣೆ ಬೇಡ. ಇಷ್ಟು ಕಂದು ಬಣ್ಣ ಬಂದರೆ ಇಷ್ಟು ಹಣ ಅಂತ ಮೊದಲೇ ಬರೆದಿಡಬೇಕು.

ಇದು ಕನಸಲ್ಲ. 2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ನದಿಯಲ್ಲಿ ದೊಡ್ಡ ಪ್ರವಾಹ ಬರುತ್ತದೆ ಅಂತ ಮುನ್ಸೂಚನೆ ಸಿಕ್ಕಿತು. ವಿಶ್ವಸಂಸ್ಥೆಯ ತುರ್ತು ನಿಧಿಯಿಂದ ಸುಮಾರು 50 ಲಕ್ಷ ಡಾಲರ್ ಕೆಲವೇ ಗಂಟೆಗಳಲ್ಲಿ ಬಿಡುಗಡೆಯಾಯಿತು. ನೀರು ತುಂಬಿ ಬರುವ ಮೊದಲೇ ಕುಟುಂಬಗಳ ಕೈಗೆ ದುಡ್ಡು ಬಂತು. ಷರತ್ತು ಮೊದಲೇ ಬರೆದಿಟ್ಟಿದ್ದರಿಂದ ಇದು ಸಾಧ್ಯವಾಯಿತು.

ಇನ್ನೊಂದು ನನಗೆ ಇನ್ನೂ ಹತ್ತಿರದ್ದು. ಕೀನ್ಯಾದ ಉತ್ತರದಲ್ಲಿ ಮಾರ್ಸಬಿಟ್ ಅಂತ ಒಣ ಸೀಮೆ. 2010ರ ಜನವರಿಯಲ್ಲಿ ಅಲ್ಲಿನ ಕುರಿಗಾಹಿಗಳಿಗೆ ಒಂದು ವಿಮೆ ಶುರು ಮಾಡಿದರು. ಸತ್ತ ಪ್ರಾಣಿಗಳನ್ನು ಎಣಿಸಲು ಯಾರೂ ಬರುವುದಿಲ್ಲ. ಉಪಗ್ರಹದ ಹಸಿರು ಸೂಚ್ಯಂಕ ಒಂದು ಗೆರೆಗಿಂತ ಕೆಳಗೆ ಬಿದ್ದರೆ ಹಣ. ಮೊದಲ ಸಲ ಹಣ ಕೊಟ್ಟಿದ್ದು 2011ರ ಅಕ್ಟೋಬರಿನಲ್ಲಿ. ಯಾವ ಬರಕ್ಕೆ? ಸೊಮಾಲಿಯಾದಲ್ಲಿ ಕ್ಷಾಮ ತಂದ ಅದೇ ಬರಕ್ಕೆ. ಅದೇ ಎಲೆ, ಅದೇ ಅವಕೆಂಪು ಬೆಳಕು. ಅಲ್ಲೂ ಹಣ ತಡವಾಗಿಯೇ ಬಂತು, ಎಷ್ಟೋ ಆಡು ಹಸು ಸತ್ತ ಮೇಲೆ. ಆದರೆ ಅವರು ಅದರಿಂದ ಕಲಿತರು. ಕೆಲವು ವರ್ಷಗಳ ನಂತರ ನಿಯಮ ಬದಲಿಸಿದರು. ಈಗ ಪ್ರಾಣಿಗಳು ಸಾಯುವ ಮೊದಲೇ, ಮೇವು ನೀರು ಕೊಳ್ಳಲು ಆಗುವ ಹಾಗೆ, ಮುಂಚಿತವಾಗಿ ಕೊಡುತ್ತಾರೆ. ಇದೂ ಎಲ್ಲರನ್ನೂ ಮುಟ್ಟಿಲ್ಲ. ಕಂತು ಕಟ್ಟಲು ಆಗದವರೇ ಜಾಸ್ತಿ. ಆ ಕಂತನ್ನು ಯಾರು ಕಟ್ಟಬೇಕು ಅಂತ ಕೇಳಿದರೆ, ಇಲ್ಲಿ ಮಾತ್ರ ನಾನು ಬಾಹ್ಯಾಕಾಶ ಸಂಸ್ಥೆಗಳ ಕಡೆ ಕೈ ತೋರಿಸುತ್ತೇನೆ. ಪ್ರತಿ ಭೂವೀಕ್ಷಣೆ ಉಪಗ್ರಹದ ಬಜೆಟ್ಟಿನಲ್ಲಿ ಒಂದು ಪಾಲು ಅದರ ಚಿತ್ರ ಓದುವವರಿಗೆ, ಇನ್ನೊಂದು ಪಾಲು ಆ ಚಿತ್ರ ತೋರಿಸಿದ ಜನರಿಗೆ ಅಂತ ಉಡಾವಣೆಗೆ ಮೊದಲೇ ತೆಗೆದಿಡಬೇಕು. ಇಂಧನಕ್ಕೆ ಹಣ ಇಟ್ಟ ಹಾಗೆ ಇದಕ್ಕೂ ಇಡಲಿ.

ಪ್ರಶ್ನೆ: ನಮ್ಮ ಮಗಳು ಪಿಯುಸಿ ಮುಗಿಸಿದಳು. ಅವಳಿಗೆ ಉಪಗ್ರಹದ ಎಂಜಿನಿಯರಿಂಗ್ ಓದುವ ಆಸೆ. ಅವರಪ್ಪ ಕೃಷಿ ವಿಜ್ಞಾನ ಓದಲಿ, ಜನಕ್ಕೆ ಉಪಯೋಗ ಆಗುತ್ತದೆ ಅನ್ನುತ್ತಾರೆ. ಮನೆಯಲ್ಲಿ ದಿನಾ ಇದೇ ಮಾತು. ನೀವೇನು ಹೇಳುತ್ತೀರಿ ಅಕ್ಕಾ?

ಉತ್ತರ: ಅವಳು ಆಸೆಪಟ್ಟಿದ್ದನ್ನೇ ಓದಲಿ ತಂಗಿ. ಅವಳಪ್ಪನ ಮಾತಿನಲ್ಲೂ ಹುರುಳಿದೆ. ಅದಕ್ಕೆ ಒಂದು ದಾರಿ ಹೇಳುತ್ತೇನೆ. ನಮ್ಮ ಕೆಲಸದಲ್ಲಿ ಗ್ರೌಂಡ್ ಟ್ರುತ್ ಅಂತ ಒಂದು ಮಾತಿದೆ. ಉಪಗ್ರಹ ಇದು ಜೋಳದ ಹೊಲ, ಒಣಗಿದೆ ಅಂದಾಗ, ಯಾರಾದರೂ ಅಲ್ಲಿಗೆ ಹೋಗಿ ನಿಂತು ನೋಡಬೇಕು. ಜೋಳವೋ ಹುಲ್ಲೋ, ಒಣಗಿದೆಯೋ ಆಗಲೇ ಕೊಯ್ದಿದ್ದಾರೋ. ನಾನು ಮಾಡಿದ ದೊಡ್ಡ ತಪ್ಪುಗಳೆಲ್ಲ ಹಾಗೆ ಹೋಗಿ ನೋಡದೆ ಇದ್ದಾಗ ಆದವು. ಒಮ್ಮೆ ಕೊಯ್ಲಾದ ಹೊಲಗಳನ್ನೇ ಬರ ಅಂತ ಬರೆದಿದ್ದೆ.

ಕಾಲೇಜು ಸೇರುವ ಮೊದಲು ಅವಳು ಒಂದು ಹಂಗಾಮು ಪೂರ್ತಿ ಒಂದೇ ಹೊಲವನ್ನು ನೋಡಲಿ. ಹತ್ತು ದಿನಕ್ಕೊಮ್ಮೆ ಹೋಗಿ, ಎಲೆ ಹೇಗಿದೆ, ಮಣ್ಣು ಹೇಗಿದೆ, ಆ ಹೊಲದವರ ಮನೆಯಲ್ಲಿ ಧಾನ್ಯ ಎಷ್ಟು ದಿನಕ್ಕಿದೆ ಅಂತ ಬರೆದಿಡಲಿ. ಅದೇ ಹೊಲದ ಲ್ಯಾಂಡ್‌ಸ್ಯಾಟ್ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಲಿ. ಓದಲು ಬರದಿದ್ದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಲಿ, ನಾನು ಕೂತು ಹೇಳಿಕೊಡುತ್ತೇನೆ.